ಎಂಥಾ ನೋವು?

ನಮ್ಮ ಅಜ್ಜಿಗೆ ಬರೀ "ನೋವು" ಎಂದರೆ ಸಾಲುತ್ತಿರಲಿಲ್ಲ. ಚಿಕ್ಕವಳಿದ್ದಾಗ ಹೊಟ್ಟೆ ಹಿಡಿದುಕೊಂಡು ಅಳುತ್ತಾ ಹೋದರೆ ಮೊದಲು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. "ಎಂಥಾ ನೋವು ಮಗಾ? ಚುಚ್ಚುತ್ತಾ, ಹಿಂಡುತ್ತಾ, ಉರಿಯುತ್ತಾ, ಎಳೆಯುತ್ತಾ?" ನಾನು ಯಾವ ಪದ ಹೇಳುತ್ತೇನೋ ಅದರ ಮೇಲೆ ಮದ್ದು. ಹಿಂಡುತ್ತೆ ಅಂದರೆ ಓಮದ ಕಷಾಯ. ಉರಿಯುತ್ತೆ ಅಂದರೆ ನೀರುಮಜ್ಜಿಗೆ. ಒಂದೇ ಜಾಗದಲ್ಲಿ ಚುಚ್ಚುತ್ತೆ ಅಂದರೆ ಮಾತ್ರ ಏನೂ ಕೊಡುತ್ತಿರಲಿಲ್ಲ. "ಇವಳನ್ನ ಡಾಕ್ಟ್ರ ಹತ್ರ ಕರ್ಕೊಂಡೋಗು" ಎಂದು ಅಮ್ಮನಿಗೆ ಹೇಳಿಬಿಡುತ್ತಿದ್ದರು.

ಹೋದ ವರ್ಷ ನಾನು ಬಸುರಿಯಾದಾಗ ಅಜ್ಜಿ ಇರಲಿಲ್ಲ. ವಿಚಾರಿಸಿಕೊಳ್ಳುವವರಿಗೇನೂ ಕಡಿಮೆ ಇರಲಿಲ್ಲ. ಅತ್ತೆ, ಅಮ್ಮ, ಪಕ್ಕದ ಮನೆಯವರು, ಶಾಲೆಯಲ್ಲಿ ಬಿಸಿಯೂಟ ಮಾಡುವ ಅಕ್ಕಂದಿರು, ಬಸ್ಸಿನಲ್ಲಿ ಪಕ್ಕ ಕೂತವರು ಕೂಡ. ಎಲ್ಲರೂ ಪ್ರೀತಿಯಿಂದಲೇ ಕೇಳುತ್ತಿದ್ದರು. ಆದರೆ ಏನು ಹೇಳಿದರೂ ಉತ್ತರ ಒಂದೇ. "ಬಸುರಿ ಅಂದ್ಮೇಲೆ ಇದೆಲ್ಲ ಇದ್ದದ್ದೇ ಕಣಮ್ಮ." ಸೊಂಟನೋವಾ? ಇದ್ದದ್ದೇ. ಕಾಲು ಊದಿದೆಯಾ? ಇದ್ದದ್ದೇ. ನಿದ್ದೆ ಬರಲ್ವಾ? ಅದೂ ಇದ್ದದ್ದೇ. ಸ್ವಲ್ಪ ದಿನಕ್ಕೆ ನಾನು ಹೇಳುವುದನ್ನೇ ಬಿಟ್ಟೆ. ಕೊನೆಗೆ, ಸಹಿಸಿಕೊಂಡು ಕೂರಬಾರದ ಒಂದನ್ನೂ ಹನ್ನೆರಡು ದಿನ ಸಹಿಸಿಕೊಂಡು ಕೂತೆ. ಇದನ್ನು ಬರೆಯುತ್ತಿರುವುದು ಆ ಹನ್ನೆರಡು ದಿನಗಳ ಸಲುವಾಗಿ. ಆದರೆ ಅಲ್ಲಿಗೆ ಬರುವ ಮುಂಚೆ ಉಳಿದ ನೋವುಗಳನ್ನೂ ಹೇಳಬೇಕು. ಒಂದೊಂದಕ್ಕೂ ನಮ್ಮ ಮಾತಿನಲ್ಲಿ ಬೇರೆ ಬೇರೆ ಪದ ಇದೆ. ಆ ಪದ ಸಿಕ್ಕ ದಿನವೇ ನನಗೆ ದಾರಿಯೂ ಸಿಕ್ಕಿದ್ದು.

ನಾನು ಸರ್ಕಾರಿ ಶಾಲೆಯ ಮಿಸ್. ಮನೆ ಹಾಸನದಲ್ಲಿ, ಶಾಲೆ ಅರಕಲಗೂಡು ದಾರಿಯ ಒಂದು ಹಳ್ಳಿಯಲ್ಲಿ. ನನ್ನದು ನಲಿ-ಕಲಿ ತರಗತಿ. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಬೇರೆ ಬೇರೆ ತಟ್ಟೆಗಳಲ್ಲಿ ಕೂರುತ್ತಾರೆ. ತಟ್ಟೆ ಅಂದರೆ ನಮ್ಮಲ್ಲಿ ಗುಂಪು. ಮಕ್ಕಳ ಜೊತೆ ಮಿಸ್ ಕೂಡ ನೆಲದ ಮೇಲೇ ಕೂರಬೇಕು. ಒಂದು ತಟ್ಟೆಯಿಂದ ಏಳು, ಇನ್ನೊಂದರ ಹತ್ತಿರ ಕೂರು, ಎದ್ದು ತಲೆಯ ಮೇಲೆ ಕಟ್ಟಿದ ದಾರಗಳ ಚಪ್ಪರಕ್ಕೆ ಮಕ್ಕಳ ಚಿತ್ರ ತೂಗುಹಾಕು, ಮತ್ತೆ ಕೂರು. ದಿನಕ್ಕೆ ಎಷ್ಟು ಸಲ ಎದ್ದು ಕೂರುತ್ತೇನೆ ಎಂದು ಯಾವತ್ತೂ ಎಣಿಸಿರಲಿಲ್ಲ. ಬಸುರಿಯಾದ ಮೇಲೆ ಒಂದು ದಿನ ಎಣಿಸಿದೆ. ಊಟದ ಬೆಲ್ ಹೊಡೆಯುವ ಮುಂಚೆಯೇ ಮೂವತ್ತು ದಾಟಿತ್ತು.

ಮೊದಲು ಬಂದದ್ದು ಚಳುಕು.

ಜುಲೈ ತಿಂಗಳು, 18ನೇ ವಾರ. ಹುಡುಗನೊಬ್ಬ ಸ್ಲೇಟು ಬೀಳಿಸಿದ. ಆ ಸದ್ದಿಗೆ ಥಟ್ಟನೆ ಎದ್ದೆ. ಬಲಗಡೆ ಕಿಬ್ಬೊಟ್ಟೆಯಿಂದ ತೊಡೆಸಂದಿಯವರೆಗೆ ಚಳುಕ್ ಎಂದಿತು. ಉಸಿರು ಅಲ್ಲೇ ಸಿಕ್ಕಿಕೊಂಡಿತು. ಅರ್ಧ ನಿಮಿಷದಲ್ಲಿ ಏನೂ ಆಗಿಲ್ಲವೆಂಬಂತೆ ಹೊರಟುಹೋಯಿತು. ಆಮೇಲೆ ಸೀನಿದರೂ ಅದೇ, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೂ ಅದೇ. ಅದರ ಹಿಂದಿನ ವರ್ಷ ನನಗೆ ಎರಡು ತಿಂಗಳಿಗೇ ಒಂದು ಗರ್ಭ ಹೋಗಿತ್ತು. ಅವತ್ತು ರಾತ್ರಿ ಪೂರ್ತಿ ಬಲಗಡೆ ಕೈ ಇಟ್ಟುಕೊಂಡೇ ಮಲಗಿದ್ದೆ. ಇವರನ್ನೂ ಎಬ್ಬಿಸಲಿಲ್ಲ.

ಮುಂದಿನ ಚೆಕಪ್‌ನಲ್ಲಿ ಡಾಕ್ಟರ್ ಅದನ್ನು ಬಿಡಿಸಿ ಹೇಳಿದರು. ಗರ್ಭಕೋಶವನ್ನು ಎರಡೂ ಕಡೆಯಿಂದ ಹಗ್ಗದ ಹಾಗೆ ಹಿಡಿದಿರುವ ಕಟ್ಟುಗಳಿವೆ. ರೌಂಡ್ ಲಿಗಮೆಂಟ್ ಎನ್ನುತ್ತಾರೆ. ತೊಡೆಸಂದಿಯವರೆಗೆ ಇಳಿದಿರುತ್ತವೆ. ಗರ್ಭ ದೊಡ್ಡದಾದಂತೆ ಅವೂ ಹಿಗ್ಗುತ್ತವೆ. ನಾವು ಥಟ್ಟನೆ ಎದ್ದರೆ ಒಮ್ಮೆಲೇ ಎಳೆದುಕೊಳ್ಳುತ್ತವೆ. ಅಷ್ಟೇ. ಮದ್ದು ಬೇಡ. ಏಳುವ ಮುಂಚೆ ಒಂದು ಕ್ಷಣ ತಡೆದು, ಕೈ ಊರಿ, ನಿಧಾನವಾಗಿ ಎದ್ದರೆ ಸಾಕು. ಸೀನು ಬಂದರೆ ಸ್ವಲ್ಪ ಮುಂದಕ್ಕೆ ಬಾಗಬೇಕು. ಆದರೆ ನೋವು ನಿಲ್ಲದೇ ಇದ್ದರೆ, ಬಿಟ್ಟು ಬಿಟ್ಟು ಲೆಕ್ಕ ಹಿಡಿದಂತೆ ಬಂದರೆ, ರಕ್ತ ಕಂಡರೆ, ಜ್ವರ ಬಂದರೆ, ಮೂತ್ರ ಉರಿದರೆ ಅದು ಚಳುಕಲ್ಲ, ತಕ್ಷಣ ಬನ್ನಿ ಎಂದರು. ಈ ನಾಲ್ಕು ಮಾತು ಮೊದಲೇ ಗೊತ್ತಿದ್ದರೆ ಆ ರಾತ್ರಿ ನಿದ್ದೆ ಮಾಡುತ್ತಿದ್ದೆ.

ಎರಡನೆಯದಕ್ಕೆ ನಾನು ಇಟ್ಟುಕೊಂಡ ಹೆಸರೇ ತಪ್ಪು. ಸೊಂಟನೋವು ಎಂದು ಎಲ್ಲರಿಗೂ ಹೇಳುತ್ತಿದ್ದೆ.

ಆಗಸ್ಟ್ 15ರ ಹಿಂದಿನ ವಾರ. ಮಕ್ಕಳಿಗೆ ಡ್ರಿಲ್ ಹೇಳಿಕೊಡುತ್ತಾ ಮೈದಾನದಲ್ಲಿ ತುಂಬ ಹೊತ್ತು ನಿಲ್ಲಬೇಕಿತ್ತು. ಸಂಜೆ ಮನೆಗೆ ಬಂದು ಲಂಗ ಬದಲಿಸಲು ಒಂದು ಕಾಲು ಎತ್ತಿದೆ ನೋಡಿ, ಹೊಟ್ಟೆಯ ಕೆಳಗೆ ಮುಂಭಾಗದ ಮೂಳೆಯಲ್ಲಿ ಯಾರೋ ಆಪು ಹೊಡೆದಂತಾಯಿತು. ಗೋಡೆ ಹಿಡಿದು ನಿಂತೆ. ಅವತ್ತಿನಿಂದ ಹಾಸಿಗೆಯಲ್ಲಿ ಹೊರಳುವಾಗ ಲಟಕ್ ಎಂಬ ಸದ್ದು ನನಗೇ ಕೇಳಿಸುತ್ತಿತ್ತು. ಬಸ್ಸಿನ ಮೆಟ್ಟಿಲು ಹತ್ತುವುದು ದೊಡ್ಡ ಕೆಲಸವಾಯಿತು. ನಡೆದರೆ ಬಾತುಕೋಳಿಯ ಹಾಗೆ ಅತ್ತಿತ್ತ ವಾಲುತ್ತಿದ್ದೆ.

ಅತ್ತೆಯವರು ನೀಲಗಿರಿ ಎಣ್ಣೆ ಬಿಸಿ ಮಾಡಿ ಸೊಂಟಕ್ಕೆ ಹಚ್ಚಿದರು. ಹಚ್ಚಿದಾಗ ಹಿತವಾಗುತ್ತಿತ್ತು, ನೋವು ಹಾಗೇ ಇತ್ತು. ಪಕ್ಕದ ಮನೆಯವರು, "ಕೂತ್ಕೊಂಡು ನೆಲ ಒರೆಸು, ಹೆರಿಗೆ ಸುಲಭ ಆಗುತ್ತೆ, ಸೊಂಟಾನೂ ಸಡಿಲ ಆಗುತ್ತೆ" ಎಂದರು. ಅವರೂ ಹಾಗೇ ಮೂರು ಮಕ್ಕಳನ್ನು ಹೆತ್ತವರು. ನಂಬಿದೆ. ನಾಲ್ಕು ದಿನ ಕುಕ್ಕರಗಾಲಲ್ಲಿ ಕೂತು ಮನೆ ಒರೆಸಿದೆ. ಐದನೇ ದಿನ ಹಾಸಿಗೆಯಿಂದ ಏಳಲು ಇವರ ಕೈ ಹಿಡಿಯಬೇಕಾಯಿತು.

ಕೊನೆಗೆ ಹಾಸನದಲ್ಲೇ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ನನಗಿಂತ ಚಿಕ್ಕ ವಯಸ್ಸಿನ ಹುಡುಗಿ. ಅವರು ಕೇಳಿದ ಮೊದಲ ಮಾತು: "ಒಂದೇ ಬೆರಳಿನಲ್ಲಿ ತೋರಿಸಿ, ಎಲ್ಲಿ?" ನಾನು ಸೊಂಟ ಮುಟ್ಟಲೇ ಇಲ್ಲ. ಬೆರಳು ನೇರ ಮುಂಭಾಗದ ಮೂಳೆಗೆ ಹೋಯಿತು. ಆಮೇಲೆ ಹಿಂದೆ, ಎಡಗಡೆ ಕುಂಡಿಯ ಮೇಲಿನ ಗುಳಿಗೆ. "ಎಂಥಾ ನೋವು?" ಎಂದರು. ಎಷ್ಟು ವರ್ಷದ ಮೇಲೆ ಆ ಪ್ರಶ್ನೆ ಕೇಳಿದೆನೋ. "ಕೀಲು ಕಳಚಿದ ಹಾಗೆ" ಎಂದೆ. ಹೇಳಿದ ಮೇಲೆ ನನಗೇ ಅರ್ಥವಾಯಿತು, ಇದು ಸೊಂಟನೋವೇ ಅಲ್ಲ ಎಂದು.

ಬಸುರಿನಲ್ಲಿ ಮೈ ಹೆರಿಗೆಗೆ ಸಿದ್ಧವಾಗಲು ಕೀಲುಗಳ ಕಟ್ಟನ್ನು ಸಡಿಲ ಮಾಡಿಕೊಳ್ಳುತ್ತದೆ. ಸೊಂಟದ ಕೆಳಗಿನ ಮೂಳೆಗಳು ಮುಂದೆ ಒಂದು ಕಡೆ, ಹಿಂದೆ ಎರಡು ಕಡೆ ಸೇರುತ್ತವೆ. ಆ ಮೂರು ಕೀಲುಗಳು ಒಂದೇ ರೀತಿಯಲ್ಲಿ ಅಲ್ಲಾಡದಿದ್ದರೆ ಈ ನೋವು. ಪೆಲ್ವಿಕ್ ಗರ್ಡಲ್ ಪೇನ್ ಎನ್ನುತ್ತಾರೆ. ಐದು ಬಸುರಿಯರಲ್ಲಿ ಒಬ್ಬರಿಗೆ ಬರುತ್ತದಂತೆ. ಅಷ್ಟು ಜನಕ್ಕೆ ಬರುವ ನೋವಿಗೆ ನಮ್ಮ ಮನೆಗಳಲ್ಲಿ ಬೇರೆ ಹೆಸರೇ ಇಲ್ಲದ್ದು ನನಗೆ ಬೇಜಾರಿನ ಸಂಗತಿ. ಎಲ್ಲವನ್ನೂ ಸೊಂಟನೋವು ಎಂದುಬಿಡುತ್ತೇವೆ. ಆಮೇಲೆ ಸಡಿಲವಾದ ಕೀಲನ್ನು ಇನ್ನೂ ಸಡಿಲ ಮಾಡುವ ಕೆಲಸ ಹೇಳುತ್ತೇವೆ.

ಅವರು ಕಲಿಸಿದ್ದರಲ್ಲಿ ಕಷ್ಟದ್ದು ಯಾವುದೂ ಇರಲಿಲ್ಲ. ಎರಡು ಮಂಡಿಗಳನ್ನೂ ಜೊತೆಗೇ ಇಟ್ಟುಕೊಳ್ಳಬೇಕು, ಅದೇ ಮುಖ್ಯ. ಹಾಸಿಗೆಯಲ್ಲಿ ಹೊರಳುವಾಗ ಮಂಡಿ ಮಡಚಿ, ಎರಡನ್ನೂ ಒತ್ತಿಹಿಡಿದು, ಭುಜ ಸೊಂಟ ಎಲ್ಲ ಒಟ್ಟಿಗೆ ಮರದ ದಿಮ್ಮಿಯ ಹಾಗೆ ತಿರುಗಬೇಕು. ಮಲಗುವಾಗ ಮಂಡಿಗಳ ನಡುವೆ ದಿಂಬು. ಬಟ್ಟೆಯನ್ನು ಕೂತೇ ಹಾಕಿಕೊಳ್ಳಬೇಕು, ಒಂಟಿ ಕಾಲಲ್ಲಿ ನಿಲ್ಲಲೇಬಾರದು. ಮೆಟ್ಟಿಲು ಹತ್ತುವಾಗ ನೋವಿಲ್ಲದ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಬಿಂದಿಗೆ ಕಂಕುಳಲ್ಲಿ ಹೊರಬಾರದು. ಸೊಂಟದ ಕೆಳಗೆ ಕಟ್ಟುವ ಒಂದು ಬೆಲ್ಟ್ ಕೊಟ್ಟರು.

ಶಾಲೆಯಲ್ಲಿ ಹೆಡ್‌ಮಿಸ್ ಮಾತಾಡದೆ ಒಂದು ಗಿಡ್ಡ ಸ್ಟೂಲ್ ತಂದಿಟ್ಟರು. ನಾನು ತಟ್ಟೆಯಿಂದ ತಟ್ಟೆಗೆ ಹೋಗುವ ಬದಲು ಮಕ್ಕಳೇ ಸ್ಟೂಲಿನ ಹತ್ತಿರ ಬರತೊಡಗಿದರು. ಮಕ್ಕಳಿಗೆ ಅದೇನೂ ದೊಡ್ಡ ಸಂಗತಿ ಆಗಲಿಲ್ಲ. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ದಿನಾ ನನ್ನ ಕೈಯಿಂದ ಚಿತ್ರಗಳನ್ನು ಇಸಿದುಕೊಂಡು ತಾನೇ ಚಪ್ಪರಕ್ಕೆ ಕಟ್ಟುತ್ತಿದ್ದಳು. ನೋವು ಪೂರ್ತಿ ಹೋಗಲಿಲ್ಲ. ಆದರೆ ಬಸ್ ಹತ್ತಬಲ್ಲವಳಾದೆ.

ಆ ದಿನಗಳಲ್ಲೇ ನಡೆದ ಇನ್ನೊಂದನ್ನು ಹೇಳಲೇಬೇಕು. ನನ್ನ ನರಳಾಟ ನೋಡಲಾರದೆ ಇವರು ಮೆಡಿಕಲ್ ಸ್ಟೋರಿನಿಂದ ನೋವಿನ ಮಾತ್ರೆ ತಂದರು, ಡೈಕ್ಲೋಫೆನಾಕ್. ಅಂಗಡಿಯವರು ಯಾರಿಗೆ ಎಂದು ಕೇಳಿರಲಿಲ್ಲ. ಇವರಿಗೂ ಗೊತ್ತಿರಲಿಲ್ಲ. ನಾನು ಸುಮ್ನೆ ಒಂದು ಸಲ ಡಾಕ್ಟರಿಗೆ ಫೋನ್ ಮಾಡಿದ್ದು ಒಳ್ಳೆಯದಾಯಿತು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳನ್ನು ಬಸುರಿನಲ್ಲಿ, ಅದರಲ್ಲೂ 20 ವಾರ ದಾಟಿದ ಮೇಲೆ, ಡಾಕ್ಟರ್ ಹೇಳದೆ ತೆಗೆದುಕೊಳ್ಳಲೇಬಾರದು. ಮಗುವಿನ ಮೂತ್ರಪಿಂಡಕ್ಕೆ ತೊಂದರೆಯಾಗಬಹುದು, ಸುತ್ತಲಿನ ನೀರು ಕಡಿಮೆಯಾಗಬಹುದು. ಕೊನೆಯ ತಿಂಗಳುಗಳಲ್ಲಿ ಮಗುವಿನ ಹೃದಯದ ಹತ್ತಿರದ ಒಂದು ರಕ್ತನಾಳ ಮುಂಚೆಯೇ ಮುಚ್ಚಿಕೊಳ್ಳಬಹುದು. ನೋವಿಗೆ ಹಚ್ಚುವ ಮುಲಾಮನ್ನೂ ಕೇಳಿಯೇ ಹಚ್ಚಿ ಎಂದರು. ನನಗೆ ಕೊಟ್ಟದ್ದು ಪ್ಯಾರಾಸಿಟಮಾಲ್, ಅದೂ ತೀರಾ ಬೇಕಾದಾಗ ಮಾತ್ರ.

ರಾತ್ರಿ ಕಾಲು ಹಿಡಿದುಕೊಳ್ಳುವುದರ ಬಗ್ಗೆ ಜಾಸ್ತಿ ಬರೆಯಲಾರೆ, ಎಲ್ಲರಿಗೂ ಗೊತ್ತಿರುವುದೇ. ಮೀನಖಂಡ ಗಂಟು ಕಟ್ಟಿ ಕಿರುಚುವ ಹಾಗಾಗುತ್ತದೆ. ಆಗ ಕಾಲಿನ ಬೆರಳುಗಳನ್ನು ಮಂಡಿಯ ಕಡೆಗೆ ಎಳೆದು ಹಿಡಿದರೆ ಬಿಡುತ್ತದೆ. ಬೆರಳು ಕೆಳಕ್ಕೆ ಚಾಚಿದರೆ ಇನ್ನೂ ಜಾಸ್ತಿ ಹಿಡಿಯುತ್ತದೆ. ನೆನಪಿಡಬೇಕಾದ್ದು ಒಂದೇ. ಒಂದೇ ಕಾಲು ಊದಿ, ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ, ನೋವು ಬಿಡದೇ ಇದ್ದರೆ ಅದು ಸೆಳೆತವಲ್ಲ. ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕುತ್ತಾ ಕೂರಬಾರದು.

ಎದೆಯುರಿಯೂ ಹಾಗೇ. ನಮ್ಮದು ಕಾಫಿ ಸೀಮೆ. ಬೆಳಗ್ಗೆ ಎದ್ದರೆ ಕಾಫಿ, ನಾಲ್ಕು ಗಂಟೆಗೆ ಕಾಫಿ. ಬಸುರಿನಲ್ಲಿ ಅನ್ನನಾಳದ ಕೆಳಗಿನ ಬಿಗಿ ಸಡಿಲವಾಗುತ್ತದೆ. ಕೆಳಗಿನಿಂದ ಗರ್ಭ ಜಠರವನ್ನು ಒತ್ತುತ್ತದೆ. ಹುಳಿ ಮೇಲಕ್ಕೆ ಬರುತ್ತದೆ. ರಾತ್ರಿಯ ಮುದ್ದೆಯನ್ನು ಏಳು ಗಂಟೆಗೇ ಉಂಡು, ಎರಡು ಗಂಟೆ ಕೂತಿದ್ದು, ತಲೆದಿಂಬು ಎತ್ತರಿಸಿ ಮಲಗತೊಡಗಿದೆ. ಕಾಫಿಗೂ ಕಬ್ಬಿಣದ ಮಾತ್ರೆಗೂ ಆಗಿಬರುವುದಿಲ್ಲ ಎಂಬುದು ಮಾತ್ರ ತಡವಾಗಿ ಗೊತ್ತಾಯಿತು. ಸರ್ಕಾರದಿಂದ ಕೊಡುವ ಆ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಕಾಫಿ, ಟೀ ಜೊತೆಗೆ ನುಂಗಿದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ಎರಡು ಗಂಟೆಯಾದರೂ ಅಂತರ ಬೇಕು. ನಾನು ಎರಡು ತಿಂಗಳು ಎರಡನ್ನೂ ಒಟ್ಟಿಗೇ, ಕಾಫಿ ಲೋಟ ಕೈಯಲ್ಲಿಟ್ಟುಕೊಂಡೇ ನುಂಗಿದ್ದೆ. ಹಿಮೋಗ್ಲೋಬಿನ್ ಏರದೇ ಇದ್ದದ್ದಕ್ಕೆ ಅದೂ ಒಂದು ಕಾರಣ ಎಂದರು.

ಜೋಮು ಮಾತ್ರ ನನಗೆ ಒಬ್ಬ ಮಗು ಹೇಳಿಕೊಟ್ಟ ಪದ ಎನ್ನಬೇಕು.

ಏಳನೇ ತಿಂಗಳಿಗೆ ಬಿದ್ದಾಗ ಬಲಗೈಯಲ್ಲಿ ಸೀಮೆಸುಣ್ಣ ನಿಲ್ಲದಾಯಿತು. ಬರೆಯುತ್ತಾ ಬರೆಯುತ್ತಾ ಕೈ ಜಾರಿ ಬೀಳುತ್ತಿತ್ತು. ನಿಶ್ಶಕ್ತಿ ಎಂದುಕೊಂಡೆ. ಅಮ್ಮ ಖರ್ಜೂರ ಕಳಿಸಿದರು. ಒಂದು ದಿನ ಕೈ ಕೊಡವಿಕೊಳ್ಳುತ್ತಾ ಕೂತಿದ್ದಾಗ ಒಂದನೇ ಕ್ಲಾಸಿನ ಹುಡುಗ ಹತ್ತಿರ ಬಂದ. "ಮಿಸ್, ಕೈಯೊಳಗೆ ಇರುವೆ ಓಡ್ತಾ ಇದ್ಯಾ?" ಎಂದ. ಅವನಿಗೆ ಚಕ್ಕಳಮಕ್ಕಳ ಹಾಕಿ ಕೂತಾಗ ಕಾಲಲ್ಲಿ ಹಾಗಾಗುತ್ತಿತ್ತು. ಹೌದಲ್ವಾ, ಇದು ನಿಶ್ಶಕ್ತಿಯಲ್ಲ, ಜೋಮು ಎನ್ನಿಸಿತು. ಅವತ್ತು ರಾತ್ರಿ ಗಮನ ಇಟ್ಟು ನೋಡಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳಿನ ಅರ್ಧಕ್ಕೆ ಜೋಮು. ಕಿರುಬೆರಳಿಗೆ ಏನೂ ಇಲ್ಲ.

ಇದನ್ನು ಹೀಗೆ ಬೆರಳು ಎಣಿಸಿ ಹೇಳಿದ್ದಕ್ಕೆ ಡಾಕ್ಟರ್ ಬೇರೇನೂ ಪರೀಕ್ಷೆ ಬರೆಯಲಿಲ್ಲ. ಮಣಿಕಟ್ಟಿನೊಳಗೆ ಒಂದು ಇಕ್ಕಟ್ಟಿನ ಓಣಿಯಿದೆ. ಬಸುರಿನಲ್ಲಿ ಮೈ ನೀರು ತುಂಬಿಕೊಂಡಾಗ ಅದರೊಳಗೆ ಹೋಗುವ ನರ ಒತ್ತಿಕೊಳ್ಳುತ್ತದೆ. ಆ ನರ ಹೋಗುವುದು ಸರಿಯಾಗಿ ಆ ಬೆರಳುಗಳಿಗೇ. ಕಾರ್ಪಲ್ ಟನಲ್ ಎನ್ನುತ್ತಾರೆ. ರಾತ್ರಿ ಮಣಿಕಟ್ಟು ಮಡಚಿ ಮಲಗುವುದರಿಂದ ಜಾಸ್ತಿ. ಮಣಿಕಟ್ಟು ನೇರ ಇರುವ ಹಾಗೆ ಒಂದು ಪಟ್ಟಿ ಕಟ್ಟಿಕೊಂಡು ಮಲಗಲು ಹೇಳಿದರು. ಎರಡೇ ರಾತ್ರಿಗೆ ನಿದ್ದೆ ಬಂತು.

ಅದೇ ಸಮಯಕ್ಕೆ ಸೀಮಂತ. ಬಳೆಗಾರರು ನನ್ನ ಮಾಮೂಲಿ ಅಳತೆಯ ಹಸಿರು ಬಳೆ ಹಿಡಿದರೆ ಗೆಣ್ಣಿನ ಹತ್ತಿರವೇ ನಿಂತುಬಿಟ್ಟಿತು. ದೊಡ್ಡ ಅಳತೆಯದು ತೆಗೆದರು. ಅವರಿಗೆ ನಾನು ಏನೂ ಹೇಳಿರಲಿಲ್ಲ. ಆದರೂ ನನ್ನ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ನೀವಿ, ನಿಧಾನವಾಗಿ ತೊಡಿಸಿದರು. "ಕೈ ಊದೈತೆ ಕಣವ್ವ, ಮುಖಾನೂ ಊದಿದ್ರೆ ಬಿಪಿ ತೋರಿಸ್ಬಿಡು" ಎಂದರು. ಎಷ್ಟು ಬಸುರಿಯರ ಕೈ ನೋಡಿದವರು ಅವರು! ಅವರ ಮಾತು ನೂರಕ್ಕೆ ನೂರು ನಿಜ. ಸಂಜೆ ಹೊತ್ತು ಪಾದ ಊದುವುದು ಬೇರೆ. ಮುಖ, ಕೈ ಇದ್ದಕ್ಕಿದ್ದಂತೆ ಊದಿ, ತಲೆ ಸಿಡಿದು, ಕಣ್ಣು ಮಂಜಾಗಿ, ಪಕ್ಕೆಯ ಕೆಳಗೆ ನೋವು ಬಂದರೆ ಅದು ಬೇರೆ. ಬಿಪಿ 140/90 ಮುಟ್ಟಿದರೆ ಸುಮ್ಮನೆ ಕೂರುವ ಹಾಗಿಲ್ಲ. ನನ್ನದು 120ರ ಆಸುಪಾಸಿನಲ್ಲೇ ಇತ್ತು.

ಈಗ ಆ ಹನ್ನೆರಡು ದಿನ.

ಹಾಸನದವರಿಗೆ ಹಾಸನಾಂಬೆಯ ಬಾಗಿಲು ತೆಗೆದರೆಂದರೆ ಮನೆ ತುಂಬ ನೆಂಟರು. ವರ್ಷಕ್ಕೊಂದು ಸಲ, ದೀಪಾವಳಿಯ ಸುತ್ತಮುತ್ತ ಮಾತ್ರ ತೆರೆಯುವ ಗುಡಿ. ಎಲ್ಲೆಲ್ಲಿಂದಲೋ ಬರುತ್ತಾರೆ. ನಮ್ಮ ಮನೆಯಲ್ಲಿ ಒಂಬತ್ತು ಜನ ಇದ್ದರು. ನನಗೆ 33ನೇ ವಾರ. ಬಂದ ಮೊದಲ ರಾತ್ರಿ ಎಲ್ಲರ ಹಾಸಿಗೆ ಹಾಸಿ ಮಲಗಿದೆ. ಅಂಗಾಲು ತುರಿಸತೊಡಗಿತು. ನಡೆದದ್ದಕ್ಕೆ ಇರಬೇಕು ಎಂದುಕೊಂಡೆ. ಮಾರನೇ ರಾತ್ರಿ ಅಂಗೈ. ಮೂರನೇ ರಾತ್ರಿ ಎರಡೂ.

ಹೊಟ್ಟೆಯ ಮೇಲಿನ ನವೆ ನನಗೆ ಗೊತ್ತಿತ್ತು. ಚರ್ಮ ಹಿಗ್ಗಿದ್ದಕ್ಕೆ ಬರುವಂಥದ್ದು. ಕೊಬ್ಬರಿ ಎಣ್ಣೆ ಸವರಿದರೆ ಹೋಗುತ್ತಿತ್ತು. ಇದು ಹಾಗಿರಲಿಲ್ಲ. ಇದು ಚರ್ಮದ ಮೇಲಿರಲಿಲ್ಲ, ಒಳಗಿನಿಂದ ಕಡಿಯುತ್ತಿತ್ತು. ಎಷ್ಟು ತುರಿಸಿದರೂ ಆ ಜಾಗ ಉಗುರಿಗೆ ಸಿಗುತ್ತಿರಲಿಲ್ಲ. ಬಾಚಣಿಗೆಯಿಂದ ತುರಿಸಿದೆ. ನಡುರಾತ್ರಿ ಎರಡು ಗಂಟೆಗೆ ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು, ತಣ್ಣನೆಯ ಕಲ್ಲಿನ ಮೇಲೆ ಅಂಗಾಲು ಒತ್ತಿ ನಿಲ್ಲುತ್ತಿದ್ದೆ. ಒಳಗೆ ಮಗು ಒದೆಯುತ್ತಿತ್ತು. ನೆಂಟರು ಎದ್ದಾರೆಂದು ನೀರು ಬಿಡಲೂ ಸಂಕೋಚ.

ಬೆಳಗ್ಗೆ ಹೇಳಿದೆ. "ಮಗುಗೆ ಕೂದ್ಲು ಬೆಳೀತಾ ಇದೆ, ಅದಕ್ಕೇ ತುರಿಕೆ" ಎಂದು ಚಿಕ್ಕತ್ತೆ ನಕ್ಕರು. ಅತ್ತೆಯವರು "ಪಿತ್ತದ ಗಂಧೆ ಇರ್ಬೇಕು" ಎಂದು ಕರಿ ಕಂಬಳಿ ತಂದು ಅಂಗಾಲು ಉಜ್ಜಿದರು. ಬೇವಿನ ಸೊಪ್ಪು ಕುದಿಸಿದ ನೀರು ಹಾಕಿದರು. ಆ ವಯಸ್ಸಿನಲ್ಲಿ ನೆಲದ ಮೇಲೆ ಕೂತು ನನ್ನ ಪಾದ ತೊಡೆಯ ಮೇಲೆ ಇಟ್ಟುಕೊಂಡು ಉಜ್ಜಿದರು, ಅದನ್ನು ನಾನು ಮರೆಯಲಾರೆ. ಆದರೆ ಗಂಧೆ ಅಂದರೆ ಮೈಮೇಲೆ ದದ್ದು ಏಳಬೇಕು. ನನ್ನ ಕೈಕಾಲಿನಲ್ಲಿ ಒಂದು ದದ್ದೂ ಇರಲಿಲ್ಲ. ನಾನು ಮಾಡಿದ ಉಗುರಿನ ಗೀರುಗಳು ಮಾತ್ರ ಇದ್ದವು. ಆ ವ್ಯತ್ಯಾಸವನ್ನು ನಾವ್ಯಾರೂ ಗಮನಿಸಲಿಲ್ಲ.

ತೋರಿಸುತ್ತಿದ್ದ ನರ್ಸಿಂಗ್ ಹೋಮಿಗೂ ಹೋದೆ. ಡಾಕ್ಟರ್ ರಜೆಯಲ್ಲಿದ್ದರು. ಸಿಸ್ಟರ್ ಅಂಗೈ ನೋಡಿ, "ಒಣ ಚರ್ಮ, ಬಸುರಿಯಲ್ಲಿ ಇದ್ದದ್ದೇ" ಎಂದು ಒಂದು ಲೋಷನ್ ಬರೆದುಕೊಟ್ಟರು. ಯಾವಾಗ ತುರಿಸುತ್ತದೆ, ಎಲ್ಲಿಂದ ಶುರುವಾಯಿತು, ಒಂದನ್ನೂ ಕೇಳಲಿಲ್ಲ. ನನಗೆ ಇವತ್ತಿಗೂ ಅದರ ಮೇಲೆ ಸಿಟ್ಟಿದೆ. ಎರಡು ಪ್ರಶ್ನೆಗೆ ಒಂದು ನಿಮಿಷ ಸಾಕಿತ್ತು.

ಕೊನೆಗೆ ಅದನ್ನು ಗುರುತು ಹಿಡಿದವರು ನಮ್ಮ ಶಾಲೆಯ ಊರಿನ ಆಶಾ ಕಾರ್ಯಕರ್ತೆ. ಅಂಗನವಾಡಿಗೆ ಬಂದವರು ನನ್ನ ಕ್ಲಾಸಿಗೆ ಇಣುಕಿದರು. ನಾನು ಸ್ಕೇಲಿನ ಅಂಚಿನಿಂದ ಅಂಗೈ ಕೆರೆಯುತ್ತಿದ್ದೆ. "ಮಿಸ್, ಎಷ್ಟು ದಿನದಿಂದ?" ಎಂದರು. "ರಾತ್ರಿ ಜಾಸ್ತೀನಾ?" ಎಂದರು. ನಾನು ಹೂಂ ಎನ್ನುತ್ತಿದ್ದಂತೆ ಅವರ ಮುಖ ಬದಲಾಯಿತು. "ನಾಳೆ ಒಂಬತ್ತನೇ ತಾರೀಕು. ಲೇಡಿ ಡಾಕ್ಟ್ರು ಬರ್ತಾರೆ. ನೀವು ಬರ್ಲೇಬೇಕು." ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. 2016ರಿಂದ ನಡೆಯುತ್ತಿರುವ ಸುರಕ್ಷಿತ ಮಾತೃತ್ವ ಅಭಿಯಾನ ಅದು. ನಾನು ಅದರ ಬಗ್ಗೆ ಬರೆದ ಬೋರ್ಡನ್ನು ದಿನಾ ಬಸ್ಸಿನಿಂದ ನೋಡುತ್ತಿದ್ದೆ. ಒಳಗೆ ಹೋಗಿರಲಿಲ್ಲ.

ತಾಯಿ ಕಾರ್ಡ್ ಹಿಡಿದುಕೊಂಡು ಬೆಂಚಿನ ಮೇಲೆ ಕೂತೆ. ನನ್ನ ಮುಂದೆ ಹದಿನೇಳು ಜನ ಇದ್ದರು. ಡಾಕ್ಟರ್ ಅಷ್ಟು ಜನರ ನಡುವೆಯೂ ಪೆನ್ನು ಕೆಳಗಿಟ್ಟು ಕೇಳಿದರು. ತುರಿಕೆ ಎಲ್ಲಿಂದ ಶುರುವಾಯಿತು? ಅಂಗೈ ಅಂಗಾಲಿನಲ್ಲೇ ಜಾಸ್ತಿಯಾ? ದದ್ದು ಎದ್ದಿದೆಯಾ? ರಾತ್ರಿ ಎಬ್ಬಿಸುತ್ತದಾ? ಮೂತ್ರದ ಬಣ್ಣ ಗಾಢವಾಗಿದೆಯಾ? ಮಗು ಎಂದಿನಂತೆ ಆಡುತ್ತಿದೆಯಾ? "ಮೇಲೆ ತುರಿಸಲ್ಲ ಮೇಡಂ, ಒಳಗಿನಿಂದ ಕಡಿಯುತ್ತೆ" ಎಂದೆ. ಅವರು ಆ ಮಾತನ್ನು ಹಾಗೇ ಚೀಟಿಯಲ್ಲಿ ಬರೆದುಕೊಂಡರು.

ಅವತ್ತೇ ರಕ್ತ ಕೊಟ್ಟೆ. ಲಿವರ್ ಪರೀಕ್ಷೆಯ ಅಂಕಿ ಸಂಜೆಗೆ ಬಂತು, ಏರಿತ್ತು. ಬೈಲ್ ಆಸಿಡ್, ಅಂದರೆ ಪಿತ್ತರಸದ ಆಮ್ಲದ, ಪರೀಕ್ಷೆಯ ರಕ್ತ ಬೆಂಗಳೂರಿಗೆ ಹೋಗಿ ಎರಡು ದಿನಕ್ಕೆ ಬಂತು. ಲ್ಯಾಬಿನ ಕಾಗದದಲ್ಲಿ 10ರ ಒಳಗಿದ್ದರೆ ಸರಿ ಎಂದು ಅಚ್ಚಾಗಿತ್ತು. ನನ್ನದು 46.

ಡಾಕ್ಟರ್ ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಬಸುರಿನ ಕೊನೆಯ ತಿಂಗಳುಗಳಲ್ಲಿ ಕೆಲವರಿಗೆ ಲಿವರಿನಿಂದ ಪಿತ್ತರಸ ಸರಿಯಾಗಿ ಹರಿದುಹೋಗುವುದಿಲ್ಲ. ಅದರೊಳಗಿನ ಆಮ್ಲ ರಕ್ತದಲ್ಲಿ ಸೇರಿಕೊಳ್ಳುತ್ತದೆ. ದದ್ದಿಲ್ಲದ ತುರಿಕೆ, ಅದರಲ್ಲೂ ಅಂಗೈ ಅಂಗಾಲಿನಲ್ಲಿ, ಅದರಲ್ಲೂ ರಾತ್ರಿ. ಅದೇ ಅದರ ಗುರುತು. ಕೊಲೆಸ್ಟಾಸಿಸ್ ಎನ್ನುತ್ತಾರೆ. ತಾಯಿಗೆ ಹಿಂಸೆ, ಜೀವಕ್ಕೆ ತೊಂದರೆಯಿಲ್ಲ. ಮಗುವಿನದೇ ಯೋಚನೆ. ಆ ಅಂಕಿ 100 ದಾಟಿದರೆ ಹೊಟ್ಟೆಯಲ್ಲೇ ಮಗುವನ್ನು ಕಳೆದುಕೊಳ್ಳುವ ಅಪಾಯ ಜಾಸ್ತಿಯಾಗುತ್ತದೆ. ಅದಕ್ಕೇ ಅಂಕಿಯ ಮೇಲೆ ಕಣ್ಣಿಟ್ಟು, ಎಷ್ಟು ಏರುತ್ತದೆ ನೋಡಿಕೊಂಡು, ಹೆರಿಗೆಯ ದಿನ ಗೊತ್ತು ಮಾಡುತ್ತಾರೆ.

ಕೂದಲಲ್ಲ. ಒಣ ಚರ್ಮವಲ್ಲ. ಅತ್ತೆಯವರು ಆಡಿದ "ಪಿತ್ತ" ಎಂಬ ಪದ ಮಾತ್ರ ಸತ್ಯದ ಹತ್ತಿರ ಹೋಗಿತ್ತು. ವಿಷಯ ಗೊತ್ತಾದ ಮೇಲೆ ಅವರು ಅಡುಗೆಮನೆಯಲ್ಲಿ ಒಬ್ಬರೇ ಅತ್ತರು. "ನನ್ನ ಎರಡನೇ ಬಸುರಿಯಲ್ಲೂ ಹೀಗೇ ಕಡೀತಿತ್ತು, ಕಣೆ" ಎಂದರು. ಅವರ ಎರಡನೆಯ ಮಗು ಹುಟ್ಟುವಾಗಲೇ ಇರಲಿಲ್ಲ ಎಂಬುದು ಮನೆಯವರಿಗೆಲ್ಲ ಗೊತ್ತು. ಕಾರಣ ಇದೇನಾ ಎಂದು ಈಗ ಯಾರೂ ಹೇಳಲಾರರು. ನಾವಿಬ್ಬರೂ ಅವತ್ತು ಅದರ ಬಗ್ಗೆ ಮತ್ತೆ ಮಾತಾಡಲಿಲ್ಲ. ಮಾರನೆಯ ದಿನದಿಂದ ನನ್ನ ಮಾತ್ರೆಯ ಹೊತ್ತನ್ನು ಅವರೇ ನೋಡಿಕೊಂಡರು.

ಅರ್ಸೋಡಿಯಾಕ್ಸಿಕೋಲಿಕ್ ಆಸಿಡ್ ಎಂಬ ಮಾತ್ರೆ ಕೊಟ್ಟರು. ತುರಿಕೆ ಸ್ವಲ್ಪ ಇಳಿಯಿತು, ಪೂರ್ತಿ ಹೋಗಲಿಲ್ಲ. ಶಾಲೆಗೆ ರಜೆ ಹಾಕಿದೆ. 180 ದಿನದ ಹೆರಿಗೆ ರಜೆಯಷ್ಟನ್ನೂ ಮಗು ಬಂದ ಮೇಲೆ ಬಳಸಬೇಕೆಂದು ಕೂಡಿಟ್ಟುಕೊಂಡಿದ್ದೆ, ಆ ಆಸೆ ಬಿಟ್ಟೆ. ವಾರಕ್ಕೊಂದು ಸಲ ರಕ್ತ, ಮಗುವಿನ ಎದೆಬಡಿತದ ಪರೀಕ್ಷೆ. ತಣ್ಣೀರಿನ ಒದ್ದೆ ಬಟ್ಟೆ, ತೆಳುವಾದ ಹತ್ತಿ ಸೀರೆ, ರಾತ್ರಿ ಬಕೆಟ್ಟಿನಲ್ಲಿ ಕಾಲು. ಈಗ ಬಚ್ಚಲಿನ ಬಾಗಿಲು ಹಾಕಿಕೊಳ್ಳುತ್ತಿರಲಿಲ್ಲ. ಇವರೂ ಎದ್ದು ಬಂದು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರು.

38 ವಾರ ತುಂಬಿದ ದಿನ ನೋವು ಬರಿಸಿ ಹೆರಿಗೆ ಮಾಡಿಸಿದರು. ಹೆಣ್ಣುಮಗು, 2.7 ಕೆ.ಜಿ. ತಲೆತುಂಬ ಕೂದಲು, ಚಿಕ್ಕತ್ತೆ ಹೇಳಿದ ಹಾಗೇ. ಮೂರನೇ ರಾತ್ರಿ ನನ್ನ ಅಂಗೈ ಸುಮ್ಮನಾಯಿತು. ಕೈಯ ಜೋಮು ಹೋಗಲು ಎರಡು ತಿಂಗಳು ಹಿಡಿಯಿತು. ಮುಂಭಾಗದ ಕೀಲು ಈಗಲೂ ಯಾವತ್ತಾದರೂ ಜಾಸ್ತಿ ನಡೆದರೆ ನೆನಪಿಸುತ್ತದೆ.

ಬಿಡುಗಡೆಯ ಚೀಟಿಯ ಮೇಲೆ ಡಾಕ್ಟರ್ ಎರಡು ಸಾಲು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಮುಂದಿನ ಬಸುರಿನಲ್ಲಿ ಇದು ಮತ್ತೆ ಬರಬಹುದು, ಮೊದಲ ಭೇಟಿಯಲ್ಲೇ ಹೇಳಬೇಕು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಮುಂಚೆಯೂ ಹೇಳಬೇಕು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಾಯಿ ಕಾರ್ಡಿನ ಜೊತೆ ಇಟ್ಟಿದ್ದೇನೆ. ಅಕ್ಕತಂಗಿಯರಲ್ಲಿ ಒಬ್ಬರಿಗೆ ಬಂದಿದ್ದರೆ ಇನ್ನೊಬ್ಬರಿಗೂ ಬರುವುದು ಉಂಟು ಎಂದರು. ನನ್ನ ತಂಗಿ ಈಗ ಬಸುರಿ, ಐದು ತಿಂಗಳು ತುಂಬಿದೆ. ಚೀಟಿಯ ಫೋಟೋ ಅವಳ ಫೋನಿಗೆ ಕಳಿಸಿದ್ದೇನೆ, ಅವಳ ಡಾಕ್ಟರಿಗೆ ತೋರಿಸಿದ್ದಾಳೆ. ನಿನ್ನೆ ರಾತ್ರಿ ಹತ್ತೂವರೆಗೆ ಫೋನ್ ಮಾಡಿದಳು. "ಅಕ್ಕಾ, ಸೀನಿದಾಗ ಎಡಗಡೆ ತೊಡೆಸಂದೀಲಿ ಚಳುಕ್ ಅಂತು. ಅರ್ಧ ನಿಮಿಷ ಅಷ್ಟೇ, ಹೋಯ್ತು. ಜ್ವರ ಇಲ್ಲ, ಉರಿ ಇಲ್ಲ, ಏನೂ ಇಲ್ಲ" ಎಂದಳು. ಮಲಗಿಕೋ ಎಂದೆ.